ಫೋನಿನ ಪಟ್ಟಿಯಲ್ಲಿ ರುಕ್ಮಕ್ಕನ ಬ್ಲೌಸ್

ಓದಿದ ಮೇಲೆ ನಗುವುದಾದರೆ ನನ್ನನ್ನು ನೋಡಿಯೇ ನಗಿ... ಯಾಕೆಂದರೆ ಇದರಲ್ಲಿ ಅರ್ಧ ತಪ್ಪು ನನ್ನದೇ!

ನಮ್ಮ ಅರಸೀಕೆರೆಯಲ್ಲಿ ಜ್ಞಾನದೇವಣ್ಣ ಅಂತ ಒಬ್ಬ ಬ್ಲೌಸ್ ಟೈಲರ್ ಇದ್ದಾನೆ. ಅವನು ಹೊಲಿದ ಬ್ಲೌಸ್ ಮೈಗೆ ಕೂತರೆ ಕೂತ ಹಾಗೆ... ಆದರೆ ಕೈಗೆ ಸಿಗಬೇಕಲ್ಲ!

ಯಾವಾಗ ಹೋದರೂ ಒಂದೇ ಮಾತು. "ನಾಳೆ ಬನ್ನಿ ಅಕ್ಕ, ಹುಕ್ ಒಂದು ಬಾಕಿ."

ಹುಕ್ ಹಾಕುವವಳು ಅವನ ಹೆಂಡತಿ ರುಕ್ಮಕ್ಕ. ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಮೇಲೆ ಕೂತು ಊರಿನ ಹೆಂಗಸರ ಬ್ಲೌಸಿಗೆಲ್ಲ ಹುಕ್ ಹಾಕುತ್ತಾಳೆ... ಅವಳ ಬ್ಲೌಸಿಗೆ ಮಾತ್ರ ಎರಡು ಸೇಫ್ಟಿ ಪಿನ್ನು.

ಈ ಟೈಲರ್ ಕಾಟಕ್ಕೆ ನಾವು ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದೆವು. ಫಂಕ್ಷನ್ ಭಾನುವಾರ ಇದ್ದರೆ ಗುರುವಾರ ಅಂತ ಹೇಳುವುದು. ಮೂರು ದಿನ ಮುಂಚೆ! ಎಲ್ಲರೂ ಹೀಗೇ... ನಾನೂ ಹೀಗೇ.

ಒಂದು ದಿನ ಅವನು ಮರೆತೇಹೋಯಿತು ಅಂದಾಗ ನನಗೆ ರೇಗಿಹೋಯಿತು.

"ಮರ್ತೋಯ್ತು ಮರ್ತೋಯ್ತು ಅಂತೀಯಲ್ಲಣ್ಣ, ಆ ಫೋನ್ ಕೊಡಿಲ್ಲಿ!"

ಫೋನಿನಲ್ಲೇ ಬಂದಿರುವ ಟು-ಡೂ ಆ್ಯಪ್ ತೆಗೆದು ತೋರಿಸಿದೆ. ಯಾರ ಬ್ಲೌಸ್, ಯಾವತ್ತಿಗೆ ಬೇಕು, ಬರೆದಿಟ್ಟರೆ ಸಾಕು... ಅದೇ ಗಂಟೆ ಹೊಡೆದು ನೆನಪಿಸುತ್ತದೆ. ಕೆಲಸ ಮುಗಿದರೆ ಟಿಕ್!

ಜ್ಞಾನದೇವಣ್ಣ ಫೋನನ್ನು ಕಣ್ಣಿಗೊತ್ತಿಕೊಂಡ.

ಒಂದೇ ವಾರದಲ್ಲಿ ಆಸಾಮಿಗೆ ಹುಚ್ಚು ಹಿಡಿಯಿತು. "ಕಾಫಿ ಕುಡಿಯೋದು" ಅಂತ ಬರೆದ, ಕುಡಿದ, ಟಿಕ್ ಹಾಕಿದ. ಬ್ಲೌಸಿನ ಸಾಲು ಬಂದಾಗ ಮಾತ್ರ "ನಾಳೆಗೆ" ಅನ್ನುವ ಬಟನ್ ಒತ್ತುತ್ತಿದ್ದ. ಮೊದಲು ಬಾಯಿ ನೋಯಿಸಿಕೊಂಡು ಹೇಳುತ್ತಿದ್ದ ಮಾತು ಈಗ ಬೆರಳಲ್ಲೇ ಮುಗಿಯಿತು!

ನಾನು ಹಣೆ ಚಚ್ಚಿಕೊಂಡೆ.

ಹೋದ ತಿಂಗಳು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ನುಗ್ಗಿದೆ. "ಇವತ್ತು ಸಂಜೆನೇ ನನ್ನ ತಂಗಿ ಮಗಳ ಸೀಮಂತ! ಬ್ಲೌಸ್ ಎಲ್ಲಣ್ಣ?"

ಸೀಮಂತ ಇದ್ದದ್ದು ಭಾನುವಾರ... ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಇನ್ನಿಬ್ಬರು ಗಿರಾಕಿಗಳು ಆಗಲೇ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ನನ್ನ ಗಲಾಟೆಗೆ ಹೆದರಿ ರುಕ್ಮಕ್ಕ ಬೇರೆಯದನ್ನೆಲ್ಲ ಪಕ್ಕಕ್ಕಿಟ್ಟು ನನ್ನ ಬ್ಲೌಸನ್ನು ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಹೊರಗೆ ಆಟೊ ನಿಂತಿತು. ಭಜನಾ ಮಂಡಳಿಯ ಶಕುಂತಲಮ್ಮ ಹಸಿರು ಸೀರೆ ಉಟ್ಟು ಇಳಿದರು.

"ಏನ್ ರುಕ್ಮಾ, ಇನ್ನೂ ಇಲ್ಲೇ ಕೂತಿದೀಯಾ! ಮೂರೂವರೆಗೆ ಸ್ಪರ್ಧೆ. ಮೊದಲ್ನೇ ಸಲ ನೀನು ಮುಂದೆ ನಿಂತು ಹಾಡ್ತಿರೋದು. ಎಲ್ರೂ ಹಸಿರು ಸೀರೆ, ಹಸಿರು ಬ್ಲೌಸು... ನೆನ್ಪೈತಲ್ಲ?"

ಜ್ಞಾನದೇವಣ್ಣನ ಮಿಷನ್ ನಿಂತುಹೋಯಿತು. "ಇವತ್ತಾ? ಭಾನುವಾರ ಅಲ್ವಾ?"

ಫೋನ್ ತೆಗೆದು ನೋಡಿದ. "ರುಕ್ಮ ಬ್ಲೌಸ್... ಭಾನುವಾರ" ಅಂತಲೇ ಇತ್ತು.

"ಗುರುವಾರ ಅಂತ ಹೇಳಿದ್ನಲ್ರೀ" ಅಂದಳು ರುಕ್ಮಕ್ಕ, ಸೂಜಿಯಿಂದ ಕಣ್ಣೆತ್ತದೆ.

"ನೀನು ಹೇಳಿದ್ದೆ ಕಣೇ... ಆದ್ರೆ ಈ ಊರಲ್ಲಿ ಎಲ್ರೂ ಮೂರ್ ದಿನ ಮುಂಚೆ ಹೇಳ್ತಾರೆ. ಅದಕ್ಕೆ ನಾನು ಎಲ್ರುದಕ್ಕೂ ಮೂರ್ ದಿನ ಸೇರ್ಸಿ ಫೋನಿಗೆ ಹಾಕ್ತೀನಿ. ನಿಂದಕ್ಕೂ..."

ರುಕ್ಮಕ್ಕ ಈಗ ತಲೆಯೆತ್ತಿದಳು.

"ನಾನ್ಯಾಕ್ರೀ ನಿಮ್ಗೆ ಸುಳ್ಳು ಹೇಳ್ಲಿ?"

ಜ್ಞಾನದೇವಣ್ಣ ಫೋನನ್ನು ಮಿಷನ್ ಮೇಲೆ ಬೋರಲಾಗಿಟ್ಟ.

"ಹೋಗ್ಲಿ ಬಿಡಿ. ಅಕ್ಕೋರ ಸೀಮಂತದ ಬ್ಲೌಸ್ ಮುಗೀಲಿ ಮೊದ್ಲು. ನಾನು ಇದ್ರಲ್ಲೇ ಹೋಗ್ತೀನಿ, ಸೆರಗು ಹೊದ್ಕೊಂಡ್ರೆ ಪಿನ್ ಯಾರಿಗ್ ಕಾಣುತ್ತೆ?" ಅಂದು ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಜ್ಞಾನದೇವಣ್ಣ ಕೊರಳಲ್ಲಿದ್ದ ಟೇಪಿನಲ್ಲೇ ಕಣ್ಣೊರೆಸಿಕೊಂಡ. ಈ ಮೂರು ದಿನದ ಸುಳ್ಳು ಶುರು ಮಾಡಿದ್ದು ಯಾರು? ನಾವೇ ತಾನೇ?

"ರುಕ್ಮಕ್ಕ, ಅದನ್ನ ಕೆಳಗಿಡಮ್ಮ. ಸೀಮಂತ ಇರೋದು ಭಾನುವಾರ" ಅಂದುಬಿಟ್ಟೆ.

ಬೆಂಚಿನ ಮೇಲಿದ್ದ ಇಬ್ಬರಲ್ಲಿ ಒಬ್ಬಳು ಉಗುರು ನೋಡಿಕೊಳ್ಳುತ್ತಾ, "ನಂದೂ... ಸೋಮವಾರ" ಅಂದಳು.

ಪಕ್ಕದವಳು ಇನ್ನೂ ಮೆಲ್ಲಗೆ, "ನಂಗೆ ಫಂಕ್ಷನ್ನೇ ಇಲ್ಲ. ಬೇಗ ಸಿಗ್ಲಿ ಅಂತ ಹೇಳ್ದೆ" ಅಂದಳು!

ಜ್ಞಾನದೇವಣ್ಣ ಹಸಿರು ಬಟ್ಟೆ ಹರವಿದ. ಅಳತೆ ಪುಸ್ತಕ ತಿರುವಿದ... ಊರಿನವರ ಅಳತೆಯೆಲ್ಲ ಇದೆ, ಹೆಂಡತಿಯದೇ ಇಲ್ಲ! ಹತ್ತೊಂಬತ್ತು ವರ್ಷದಿಂದ ಹಳೇ ಬ್ಲೌಸ್ ಇಟ್ಟುಕೊಂಡೇ ಕತ್ತರಿಸುತ್ತಿದ್ದನಂತೆ.

"ಎದ್ ನಿಂತ್ಕೊಳೇ" ಅಂದ. ನಮ್ಮೆಲ್ಲರ ಮುಂದೆ ಟೇಪ್ ಹಿಡಿದು ಅಳತೆ ತೆಗೆದ. ರುಕ್ಮಕ್ಕ ಮದುವಣಗಿತ್ತಿಯ ಹಾಗೆ ಕೆಂಪಾದಳು.

ಅವನು ಹೊಲಿದ. ಫಂಕ್ಷನ್ ಇಲ್ಲದವಳು ಹೆಮ್ಮಿಂಗ್ ಮಾಡಿದಳು. ನಾನು ಹುಕ್ ಹಾಕಿದೆ. ಮೂರು ಗಂಟೆಗೆ ಬ್ಲೌಸ್ ರೆಡಿ! ಆ ಅಂಗಡಿ ಶುರುವಾದಾಗಿನಿಂದ ಹೇಳಿದ ದಿನವೇ ಕೈಗೆ ಸಿಕ್ಕ ಮೊದಲ ಬ್ಲೌಸ್ ಅದು.

ಮೂರೂವರೆಗೆ ರುಕ್ಮಕ್ಕ ಮೈಕ್ ಮುಂದೆ ನಿಂತಳು, ನಾವೆಲ್ಲ ಎದುರಿಗೆ ಕೂತೆವು. ಸೆರಗು ಹೊದ್ದಿರಲಿಲ್ಲ. ನಾನು ಹಾಕಿದ ಹುಕ್ ಎರಡನೇ ಚರಣಕ್ಕೇ ಕಿತ್ತುಕೊಂಡಿತಂತೆ, ಪುಣ್ಯಾತ್ಗಿತ್ತಿ ಶ್ರುತಿ ಮಾತ್ರ ಬಿಡಲಿಲ್ಲ. ಬಹುಮಾನ ಬರಲಿಲ್ಲ... ಬರದಿದ್ದರೆ ಏನಂತೆ, ಚಪ್ಪಾಳೆ ಬಂತು.

ನನ್ನ ಪಕ್ಕ ಕೂತಿದ್ದ ಜ್ಞಾನದೇವಣ್ಣ ಫೋನಿನಲ್ಲಿ ಏನೋ ಒತ್ತುತ್ತಿದ್ದ. ಬಗ್ಗಿ ನೋಡಿದೆ. "ರುಕ್ಮ ಬ್ಲೌಸ್" ಟಿಕ್ ಆಗಿತ್ತು. ಅದರ ಕೆಳಗೆ ಹೊಸ ಸಾಲು... "ರುಕ್ಮ ಹೇಳಿದ ದಿನ ಅಂದ್ರೆ ಅದೇ ದಿನ." ಪ್ರತಿದಿನ ನೆನಪಿಸು ಅಂತ ಗುರುತು ಹಾಕಿಟ್ಟಿದ್ದ.

ನನ್ನ ಬ್ಲೌಸ್ ಏನಾಯಿತು ಅಂತೀರಾ? ಶನಿವಾರ ಹೋದೆ... "ನಾಳೆ ಬನ್ನಿ ಅಕ್ಕ, ಹುಕ್ ಒಂದು ಬಾಕಿ." ಸಿಕ್ಕಿದ್ದು ಬುಧವಾರ!

"ನೀವು ಭಾನುವಾರ ಅಂದ್ರಲ್ಲ ಅಕ್ಕ... ಅಭ್ಯಾಸಬಲ, ಮೂರ್ ದಿನ ಸೇರ್ಸ್ಬಿಟ್ಟೆ" ಅಂದ. ಸೀಮಂತಕ್ಕೆ ಹಳೇ ಬ್ಲೌಸಲ್ಲೇ ಹೋಗಿ ಬಂದಿದ್ದೆ. ದುಡ್ಡು ಎಣಿಸಿ ಕೊಟ್ಟು ಬ್ಲೌಸ್ ಎತ್ತಿಕೊಂಡು ಬಂದೆ.

*

ಊರಿನವರ ಸುಳ್ಳನ್ನು ಅಳೆಯುವ ಟೇಪಿನಲ್ಲಿ ಮನೆಯವರ ಮಾತನ್ನು ಅಳೆಯಬೇಡಿ.

ಈಗ ಹೇಳಿ... ನಿಮ್ಮ ಪಟ್ಟಿಯಲ್ಲಿ "ನಾಳೆಗೆ, ನಾಳೆಗೆ" ಅಂತ ನೀವು ದಿನಾ ಮುಂದೆ ತಳ್ಳುತ್ತಿರುವ ಹೆಸರು ಯಾರದು?