ಹಚ್ಚೆಯ ಮೇಲೊಂದು ಸೂಜಿ

ಹರೆಯದಲ್ಲಿ ಹಾಕಿಸಿಕೊಂಡ, ಸೊಂಟದಿಂದ ಮೊಣಕಾಲಿನವರೆಗಿನ ಆ ಹಚ್ಚೆಗೆ ಲಫಾಯೆಲೆಯ ಹದಿನಾರು ದಿನದ ನೋವು, ಹಚ್ಚೆ ಹಾಕಿದವನ ಕೂಲಿಗೆಂದು ಮನೆಯ ಆರು ಹಂದಿ, ಅವನಜ್ಜಿ ವರ್ಷಗಟ್ಟಲೆ ಕೂತು ನೇಯ್ದ ಎರಡು ಚಾಪೆ ಖರ್ಚಾಗಿದ್ದವು. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಅವನನ್ನು ಬೋರಲು ಮಲಗಿಸಿ, ಎಳೆ ವಯಸ್ಸಿನ ಡಾಕ್ಟರಮ್ಮ ಅದೇ ಹಚ್ಚೆಯ ಮೇಲೆ ಸೂಜಿ ಹಿಡಿದು ನಿಂತುಬಿಟ್ಟಳು. ಸೊಂಟದ ಮೂಳೆಯ ಮಜ್ಜೆಯಿಂದ ಕಾಂಡಕೋಶ ತೆಗೆದು, ಹೃದಯಾಘಾತದಿಂದ ಸೊರಗಿದ ಅವನ ಹೃದಯಕ್ಕೆ ಸೇರಿಸಬೇಕಿತ್ತು.

“ಗೆರೆ ತುಂಡಾಗುತ್ತಲ್ಲ...” ಎಂದಳು.

“ಚುಚ್ಚು ಮಗಳೇ. ಸೂಜಿಗೆ ಹೆದರಿ ಅರ್ಧಕ್ಕೆ ಎದ್ದೋದೋನ್ನ ನಮ್ಮ ಸಮೋವಾ ದ್ವೀಪದಲ್ಲಿ ಸಾಯೋತನಕ ಆಡ್ಕೋತಾರೆ.”

ಹೆಂಡತಿ ಪೆಪೆ, ಅಂದು ಹಚ್ಚೆ ಹಾಕಿಸುವಾಗ ಹಿಡಿದಂತೆಯೇ, ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಅಂದಿನ ಹಾಡನ್ನೇ ಮೆಲ್ಲಗೆ ಗುನುಗಿದಳು. ಸೂಜಿ ಇಳಿಯಿತು. ಅವನ ಕಣ್ಣೀರಿಗೆ ಅವಳ ಅಂಗೈ ಒದ್ದೆಯಾಯಿತು.

“ಆವಾಗ ಒಂಚೂರೂ ನೋಯ್ಲಿಲ್ಲ ಅಂದಿದ್ಯಲ್ಲೋ ಮುದುಕಾ?”

“ಸುಳ್ಳು ಹೇಳಿದ್ದೆ ಕಣೇ. ಆವಾಗಿನ್ನೂ ನೀನು ನನ್ನ ಒಪ್ಪಿರ್ಲಿಲ್ವಲ್ಲ.”

ಗೆರೆಯಲ್ಲಿ ಸಾಸಿವೆಕಾಳಿನಷ್ಟು ಜಾಗ ಅಳಿಸಿಹೋಯಿತು. ಚರ್ಚಿನ ಹನ್ನೊಂದು ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುತ್ತಿದ್ದವನು, ಆರು ತಿಂಗಳಾದ ಮೇಲೆ ಈಗ ಒಂದೇ ಕಡೆ ನಿಲ್ಲುತ್ತಾನೆ. ಅದೂ ಪೆಪೆಯ ಮಂಡಿನೋವಿಗಾಗಿ.