ಬಾಗಿಲಿನ ಫೋಟೊ

ಊಟದ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಕೊರಿಯರ್ ಕಂಪನಿಯದು. ಇನ್ನು ಮೂರು ವರ್ಷ ವ್ಯಾನ್ ಓಡಿಸುತ್ತೇನೆ ಎಂದು ತಮ್ಮ ಅದಕ್ಕೆ ಸಹಿ ಹಾಕಬೇಕು. ಇನ್ನೊಂದನ್ನು ಅಕ್ಕ ತಂದಿದ್ದಳು. ಅವಳು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಒಬ್ಬ ಸಹಾಯಕ ಬೇಕಾಗಿದ್ದ, ಅರ್ಜಿ ಸಂಜೆ ಐದರೊಳಗೆ ತಲುಪಬೇಕಿತ್ತು. ಇವನ ಕೈಗೆ ಕೊಟ್ಟರೆ ಅದು ಈ ಜನ್ಮದಲ್ಲಿ ಮುಗಿಯುವುದಿಲ್ಲವೆಂದು ಅವಳೇ ಪೆನ್ನು ಹಿಡಿದು ಕೂತಿದ್ದಳು.

“ಸಂಬಳ ಕಡಿಮೆ ಅಲ್ವಾ ಅಕ್ಕ?” ಅಂದ ತಮ್ಮ.

“ಕಡಿಮೆನೇ. ಆದ್ರೆ ಎಂಟು ಗಂಟೆ ಕೆಲಸ ಆದ್ಮೇಲೆ ಮನೆಗೆ ಕಳಿಸ್ತಾರೆ. ಉಚ್ಚೆ ಬಂದ್ರೆ ಹೋಗೋಕೆ ಬಿಡ್ತಾರೆ. ಹೋದ ವರ್ಷ ಕಿಡ್ನಿಲಿ ಕಲ್ಲು ಅಂತ ಇದೇ ನೆಲದ ಮೇಲೆ ಹೊರಳಾಡಿದ್ದು ಮರೆತೋಯ್ತಾ?”

“ವ್ಯಾನಿನಲ್ಲಿ ನಾನೇ ರಾಜ. ಡಬ್ಬಗಳು ನರಳಲ್ಲ, ಹಾಸಿಗೆ ಒದ್ದೆ ಮಾಡ್ಕೊಳ್ಳಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳಲ್ಲ.”

“ರಾಜನಂತೆ. ಸೀಟಿನ ಕೆಳಗೆ ಬಾಟ್ಲಿ ಇಟ್ಕೊಂಡು ಓಡಾಡೋ ರಾಜ.”

ತಮ್ಮ ನಕ್ಕುಬಿಟ್ಟ. ಗೋಡೌನಿನಲ್ಲಿ ಎಲ್ಲರೂ ಅವನನ್ನು ‘ಗಾಳಿ’ ಎಂದೇ ಕರೆಯುತ್ತಿದ್ದರು. ದಿನಕ್ಕೆ ತೊಂಬತ್ತು ಬಾಗಿಲು, ಒಂದೊಂದಕ್ಕೆ ಎರಡು ನಿಮಿಷ. ಬೆಲ್ ಒತ್ತು, ಡಬ್ಬ ಇಡು, ಮನೆ ನಂಬರೂ ಡಬ್ಬದ ಚೀಟಿಯೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆ, ಓಡು. ಫೋಟೊ ಇಲ್ಲದಿದ್ದರೆ ಡಬ್ಬ ತಲುಪಿಲ್ಲವೆಂದೇ ಲೆಕ್ಕ. ಹೀಗೆ ಓಡುವುದರಲ್ಲಿ ಅವನಿಗೆ ಹೆಮ್ಮೆಯೂ ಇತ್ತು. ಆದರೆ ಸೊಂಟ ಬೇರೆ ಮಾತಾಡತೊಡಗಿತ್ತು, ಅಕ್ಕನ ಮಾತನ್ನು ತಳ್ಳಿಹಾಕಲು ಅವನಿಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬೆಲ್ ಸದ್ದಾಯಿತು.

ಹೊರಗೆ ನಡುವಯಸ್ಸಿನ ಹೆಂಗಸೊಬ್ಬಳು ಫೋನ್ ಹಿಡಿದು ನಿಂತಿದ್ದಳು. ಅತ್ತು ಅತ್ತು ಕಣ್ಣು ಬಾತುಕೊಂಡಿತ್ತು. ಸೇತುವೆ ಪಕ್ಕದ ಬೀದಿಯ ಹದಿನೇಳನೇ ನಂಬರಿನ ಅಜ್ಜಿಯ ಮಗಳು ತಾನು, ಗೋಡೌನಿನಲ್ಲಿ ವಿಳಾಸ ಕೇಳಿಕೊಂಡು ಬಂದೆ ಎಂದಳು.

ಆ ಅಜ್ಜಿ ಅವನಿಗೆ ಚೆನ್ನಾಗಿ ಗೊತ್ತು. ಬಾಗಿಲಿಗೆ ಬರಲು ಐದು ನಿಮಿಷ ಹಿಡಿಯುತ್ತಿದ್ದಳು. ಬಂದ ಮೇಲಾದರೂ ಸುಮ್ಮನೆ ಬಿಡದೆ, “ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕಪ್ಪಾ ಆಡ್ತೀಯಾ” ಎಂದು ಕೆಣಕುತ್ತಿದ್ದಳು.

“ಅಮ್ಮ ಹೋದ ಮಂಗಳವಾರ ತೀರ್ಕೊಂಡ್ರು,” ಎಂದಳು ಹೆಂಗಸು. “ಬಾಗಿಲ ಹತ್ರಾನೇ ಬಿದ್ದಿದ್ರು. ನಾನು ಬಂದು ನೋಡಿದ್ದು ಮಾರನೇ ದಿನ. ಸಂಜೆವರೆಗೂ ಜೀವ ಇತ್ತು ಅಂತಾರೆ ಡಾಕ್ಟರು. ಅವರಿಗೆ ಅಂತ ಒಂದು ಬಿಸಿನೀರಿನ ಚೀಲ ತರಿಸಿದ್ದೆ. ನೀವು ತೆಗೆದ ಫೋಟೊ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆಲ್ಲ ನನ್ನ ಫೋನಿಗೆ ಬಂತು. ಸದ್ಯ, ತಲುಪಿತಲ್ಲ ಅಂತ ನೆಮ್ಮದಿಯಾಗಿದ್ದೆ.”

ಅವಳು ಪರದೆಯ ಮೇಲೆ ಎರಡು ಬೆರಳಿಟ್ಟು ಫೋಟೊ ಹಿಗ್ಗಿಸಿದಳು. ಹಸಿರು ಬಾಗಿಲು, ಹದಿನೇಳು, ಡಬ್ಬ, ಚೀಟಿ. ಎಲ್ಲವೂ ನಿಯಮದಂತೆಯೇ ಇತ್ತು. ಬಾಗಿಲಿನ ಕೆಳಗಿನ ಅರ್ಧ ಮಸುಕು ಗಾಜು. ಡಬ್ಬದ ಪಕ್ಕದಲ್ಲೇ, ಗಾಜಿಗೆ ಒಳಗಿನಿಂದ ಒತ್ತಿಕೊಂಡಿದ್ದವು ಐದು ಬೆರಳುಗಳು. ಅವನು ಅವನ್ನು ಈಗಲೇ ನೋಡಿದ್ದು. ಅವತ್ತು ಕಣ್ಣೆಲ್ಲ ನಂಬರಿನ ಮೇಲಿತ್ತು.

“ನಾನು ಬೈಯೋಕೆ ಬಂದಿಲ್ಲ. ಫೋಟೊದಲ್ಲಿ ಇದು ನನಗೂ ಕಂಡಿರಲಿಲ್ಲ. ಒಂದೇ ಒಂದು ತಿಳ್ಕೋಬೇಕಿತ್ತು. ಅಮ್ಮ ಕೂಗಿದ್ರಾ?”

ಅಜ್ಜಿ ಕೂಗಿದ್ದಳು. ಮೊದಲ ಕೂಗು ಕೇಳಿ, ‘ಬಂದೆ ಇರು’ ಅನ್ನುತ್ತಿರಬೇಕು ಎಂದುಕೊಂಡಿದ್ದ. “ಅಜ್ಜೀ, ಇಲ್ಲೇ ಇಟ್ಟಿದೀನಿ” ಎಂದು ಗಟ್ಟಿಯಾಗಿ ಹೇಳಿ ಫೋಟೊ ತೆಗೆದಿದ್ದ. ಎರಡನೇ ಕೂಗು ಕೇಳಿಸಿದಾಗ ಅವನ ಒಂದು ಕಾಲು ವ್ಯಾನಿನೊಳಗಿತ್ತು, ಇನ್ನೂ ಅರವತ್ತೊಂದು ಡಬ್ಬ ಉಳಿದಿದ್ದವು. ಈಗ ಅಜ್ಜಿಯ ಬಾಯಿಗೆ ಸಿಕ್ಕಿದರೆ ಕೆಟ್ಟೆ ಎಂದುಕೊಂಡು ಗಾಡಿ ಬಿಟ್ಟಿದ್ದ.

“ಇಲ್ಲ ಮೇಡಂ,” ಅಂದ, ಅವಳ ಕಣ್ಣನ್ನೇ ನೋಡುತ್ತಾ. “ಏನೂ ಕೇಳಿಸ್ಲಿಲ್ಲ. ಒಳಗೆ ಸದ್ದೇ ಇರ್ಲಿಲ್ಲ.”

ಹೆಂಗಸು ದೀರ್ಘವಾಗಿ ಉಸಿರು ಬಿಟ್ಟಳು. “ಹಾಗಾದ್ರೆ ಬಿದ್ದಾಗ ಕೈ ಗಾಜಿಗೆ ತಾಗಿದ್ದಷ್ಟೇ, ಅವರಿಗೆ ಪ್ರಜ್ಞೆ ಇರ್ಲಿಲ್ಲ ಅನ್ಸುತ್ತೆ. ನರಳಲಿಲ್ಲ. ಅಷ್ಟು ಸಾಕು ನಂಗೆ,” ಎಂದು ಅವನ ಕೈ ಹಿಡಿದು ಅದುಮಿ ಮೆಟ್ಟಿಲಿಳಿದು ಹೋದಳು.

ತಮ್ಮ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಅವಳು ಹಿಡಿದಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಕಂಪನಿಯ ಕಾಗದವನ್ನು ಮೇಜಿನ ಆ ತುದಿಗೆ ತಳ್ಳಿದ.

“ಬರಿ ಅಕ್ಕ. ನಿಮ್ಮಲ್ಲಿಗೇ ಬರ್ತೀನಿ. ಸಂಬಳ ಎಷ್ಟಾದ್ರೂ ಇರ್ಲಿ, ಇನ್ನು ಆ ವ್ಯಾನ್ ಹತ್ತಲ್ಲ.”

ಅಕ್ಕ ಬರೆಯಲಿಲ್ಲ. ಬಾಗಿಲಲ್ಲಿ ನಡೆದದ್ದನ್ನೆಲ್ಲ ಕೂತಲ್ಲಿಂದಲೇ ನೋಡಿದ್ದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನಿಜ ಹೇಳುವಾಗ ಅವನು ನೆಲ ನೋಡುತ್ತಾನೆ. ಸುಳ್ಳು ಹೇಳುವಾಗ ಮಾತ್ರ ಎದುರಿಗಿದ್ದವರ ಕಣ್ಣು ಬಿಟ್ಟು ಕದಲುವುದಿಲ್ಲ.

“ಎಷ್ಟು ಸಲ ಕೂಗಿದ್ರು?” ಎಂದು ಕೇಳಿದಳು.

ಅವನು ನೆಲ ನೋಡಿದ. “ಎರಡು ಸಲ.”

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ಅವಳ ಕಣ್ಣು ತುಂಬಿಕೊಂಡಿತ್ತು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲದೊಳಗೆ ಇಟ್ಟುಕೊಂಡು, ಕಂಪನಿಯ ಕಾಗದವನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

“ನಮ್ಮಲ್ಲಿ ಮೂವತ್ತೆರಡು ಜನ ಇದ್ದಾರೆ ಕಣೋ,” ಅಂದಳು. “ಎರಡಕ್ಕಿಂತ ಹೆಚ್ಚು ಸಲ ಕೂಗೋ ಶಕ್ತಿ ಒಬ್ಬರಿಗೂ ಇಲ್ಲ.”