ಒಂದು ಒಳ್ಳೆಯ ಫಿಟ್ಸು

"ಇವತ್ತೂ ಏನೂ ಆಗ್ಲಿಲ್ವಾ?" ಬೆಳಗಿನ ರೌಂಡ್ಸಿಗೆ ಬಂದ ಪ್ರೊಫೆಸರು ಬಾಗಿಲಲ್ಲೇ ನಿಂತು ಕೇಳಿದರು. ತಲೆತುಂಬ ತಂತಿ ಅಂಟಿಸಿಕೊಂಡು ಮಂಚದ ಮೇಲೆ ಕೂತಿದ್ದ ಟೀಚರು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಇಲ್ಲವೆಂದು ಪಕ್ಕದಲ್ಲಿದ್ದ ಅವಳ ಅಕ್ಕನೇ ಹೇಳಬೇಕಾಯಿತು.

ಪಾಠದ ನಡುವೆ, ಬಸ್ಸಿನಲ್ಲಿ, ಒಲೆಯ ಮುಂದೆ ಹೇಳದೆ ಕೇಳದೆ ಬರುತ್ತಿದ್ದ ಫಿಟ್ಸು, ಆಸ್ಪತ್ರೆಗೆ ಸೇರಿದ ಮೇಲೆ ಪತ್ತೆಯೇ ಇಲ್ಲ. ಅದು ಬರಬೇಕು, ಬಂದಾಗ ಮೆದುಳಿನ ಯಾವ ಮೂಲೆಯಿಂದ ಹೊರಟಿತೆಂದು ಯಂತ್ರ ಗೀರಿ ತೋರಿಸಬೇಕು; ಆಪರೇಷನ್ ಸಾಧ್ಯವೋ ಇಲ್ಲವೋ ತಿಳಿಯುವುದು ಆಮೇಲೆಯೇ. ಅದಕ್ಕಾಗಿ ಮಾತ್ರೆ ನಿಲ್ಲಿಸಿದ್ದರು, ನಿದ್ದೆಗೆಡಿಸಿದ್ದರು, ಕಣ್ಣೆದುರು ದೀಪ ಮಿಣುಕಿಸಿದ್ದರು. ಟೀಚರು ಮಾತ್ರ ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದಳು. ಪ್ರೊಫೆಸರಿಗೆ ಇದು ಸರಿಬರಲಿಲ್ಲ. ಅವರ ಸಂಶೋಧನೆಗೆ ಇಂಥದೇ ಒಂದು ಫಿಟ್ಸು ಬೇಕಿತ್ತು. ನೋಡಲೆಂದು ಹೊರಗಿನ ತಜ್ಞರ ತಂಡ ಬೇರೆ ಬಂದು ಕೂತಿತ್ತು.

"ಮನೇಲಿ ಹೇಗಿರ್ತೀಯೋ ಹಾಗೇ ಇರಮ್ಮ," ಎಂದು ಸಲಹೆ ಕೊಟ್ಟರು.

"ಮನೇಲಿ ಇವಳಿಗೆ ಕೂರೋಕೇ ಪುರುಸೊತ್ತಿರಲ್ಲ ಸರ್," ಎಂದಳು ಅಕ್ಕ. "ಹೊತ್ತೊತ್ತಿಗೆ ಊಟ ಕೊಟ್ಟು ಕೂರಿಸಿದ್ರೆ ಅದಾದ್ರೂ ಹೇಗೆ ಬರುತ್ತೆ?"

ಮಧ್ಯಾಹ್ನ ತಜ್ಞರು ಕೋಣೆಗೆ ಬಂದಾಗ, ಅಕ್ಕನಿಗೆ ಏನೋ ಹೇಳುತ್ತಿದ್ದ ಟೀಚರು ಮಾತು ಅರ್ಧಕ್ಕೇ ನಿಲ್ಲಿಸಿದಳು. ತುಟಿ ಚಪ್ಪರಿಸತೊಡಗಿತು, ಕೈ ಹೊದಿಕೆಯನ್ನು ತಡಕಾಡಿತು, ಮೈ ಸೆಟೆದುಕೊಂಡಿತು. ಬಂತು, ಎಂದರು ಪ್ರೊಫೆಸರು, ಮಗಳ ಹೆರಿಗೆಯ ಸುದ್ದಿ ಕೇಳಿದಷ್ಟು ಸಂತೋಷದಿಂದ. ಬಿಳಿ ಕೋಟುಗಳೆಲ್ಲ ಮಂಚವನ್ನು ಮುತ್ತಿದವು. ಒಬ್ಬರು ಕೈ ನೋಡಿ ಎಂದರೆ ಇನ್ನೊಬ್ಬರು ಕಣ್ಣು ನೋಡಿ ಎಂದರು. ಅವರ ಮೊಣಕೈಗಳಡಿ ನುಸುಳಿದ ಅಕ್ಕ ತಂಗಿಯನ್ನು ಮಗ್ಗುಲಿಗೆ ಹೊರಳಿಸಿ ಜೊಲ್ಲು ಒರೆಸಿದಳು.

ಎಚ್ಚರವಾದಾಗ ಟೀಚರ ನಾಲಿಗೆ ಕಚ್ಚಿಹೋಗಿ ಊದಿತ್ತು. ಅವಳು ಮೊದಲು ಕೇಳಿದ್ದು, ಬಂತಾ ಎಂದು. ತಲೆ ನೇವರಿಸಲು ಹೋದ ಅಕ್ಕ ತಂತಿಗಳನ್ನು ಕಂಡು ಕೆನ್ನೆ ನೇವರಿಸಿದಳು. ಬಂತು ಕಣೆ, ಎಲ್ಲರ ಮುಂದೇ ಬಂತು ಎಂದಳು. ಟೀಚರು ಪರೀಕ್ಷೆ ಪಾಸಾದವಳಂತೆ ಉಸಿರು ಬಿಟ್ಟಳು.

ಪಕ್ಕದ ಕೋಣೆಯಲ್ಲಿ ತಜ್ಞರು ಪರದೆಯ ಮೇಲಿನ ಗೀರುಗಳನ್ನು ನೋಡಿ ಕೈ ಕುಲುಕಿಕೊಂಡರು. ಆದರೆ ಗೀರುಗಳ ಜೊತೆಗೆ ಮೈ ಅಲುಗಿದ್ದನ್ನೂ ತಾಳೆ ನೋಡಬೇಕು. ಮಂಚದೆದುರಿನ ಗೋಡೆಯ ಕ್ಯಾಮೆರಾ ಸೆರೆಹಿಡಿದದ್ದನ್ನು ಹಾಕಿದರು. ಬಿಳಿ ಕೋಟಿನ ಬೆನ್ನುಗಳು ಕಂಡವು. ಮುಂದಕ್ಕೆ ಓಡಿಸಿದರು; ಬೆನ್ನುಗಳೇ. ನಡುವೆ ಪ್ರೊಫೆಸರ ಬೋಳುತಲೆ ಬಹಳ ಸ್ಪಷ್ಟವಾಗಿ ಮೂಡಿತ್ತು. ರೋಗಿಯದೆಂದು ಕಂಡದ್ದು ಕಾಲಿನ ಹೆಬ್ಬೆರಳೊಂದೇ, ಅದೂ ಅರೆಕ್ಷಣ.

ಪ್ರೊಫೆಸರು ಮಂಚದ ಬಳಿ ಬಂದು ಕೆಮ್ಮಿದರು. ಕಾರಣವನ್ನು ಸುತ್ತಿಬಳಸಿ ಹೇಳಿ, ಮಾತ್ರೆ ಈಗಲೇ ಶುರುಮಾಡುವುದು ಬೇಡವೆಂದರು. "ಇನ್ನೊಂದು ಬೇಕಾಗುತ್ತಮ್ಮ."

ಅಕ್ಕ ಕೆಂಡವಾದಳು. ಟೀಚರು ಅವಳ ಕೈ ಹಿಡಿದು ತಡೆದು, ಊದಿದ ನಾಲಿಗೆಯಲ್ಲೇ ನಿಧಾನವಾಗಿ ಹೇಳಿದಳು:

"ಆಗ್ಲಿ ಸರ್. ಮುಂದಿನ ಸಲ ಮಾತ್ರ ಎಲ್ರೂ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ."